ಕೊಡಗಿನಿಂದ ವಿದೇಶಕ್ಕೆ ಹೊರಡುವವರಿಗೆ: ಪಾಸ್‌ಪೋರ್ಟ್‌ನಿಂದ ವಿಮಾನ ನಿಲ್ದಾಣದವರೆಗಿನ ಸಿದ್ಧತೆ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ತಾಯಿ, ರೊಬಸ್ಟಾ ತೋಟಗಳನ್ನು ನೋಡಿ ಬರಲು ವಿಯೆಟ್ನಾಂಗೆ ಹೋಗುವ ಬೆಳೆಗಾರರ ತಂಡ, ದುಬೈಯಲ್ಲಿ ಕೆಲಸ ಸಿಕ್ಕಿರುವ ವಿರಾಜಪೇಟೆಯ ಯುವಕ, ಕಾಫಿ ಮಾರಿದ ಹಣದಲ್ಲಿ ಒಮ್ಮೆ ಯುರೋಪ್ ಕಂಡು ಬರಬೇಕೆಂದಿರುವ ದಂಪತಿ, ಹೀಗೆ ಕೊಡಗಿನಿಂದ ಹೊರದೇಶಕ್ಕೆ ಹೋಗುವವರ ಕಾರಣಗಳು ಬೇರೆ ಬೇರೆಯಾದರೂ ಅವರ ಮುಂದಿರುವ ಕೆಲಸ ಬಹುಮಟ್ಟಿಗೆ ಒಂದೇ. ಮನೆಹೆಸರು ಎಂದರೇನು, ಜಮ್ಮಾ ಜಾಗದ (ಮನೆತನಕ್ಕೆ ಒಟ್ಟಾಗಿ ವಂಶಪಾರಂಪರ್ಯವಾಗಿ ಬಂದ ಹಿಡುವಳಿಯ) ಪಹಣಿಯಲ್ಲಿ ಇಷ್ಟೊಂದು ಹೆಸರುಗಳು ಏಕಿರುತ್ತವೆ, ಬೆಳೆಗಾರನ ಖಾತೆಗೆ ವರ್ಷದಲ್ಲಿ ಎರಡು ಮೂರು ತಿಂಗಳು ಮಾತ್ರ ದೊಡ್ಡ ಮೊತ್ತ ಏಕೆ ಬರುತ್ತದೆ ಎಂಬುದರ ಅರಿವಿಲ್ಲದ ಅಧಿಕಾರಿಯೊಬ್ಬರು ನಮ್ಮ ಕಡತವನ್ನು ಕೆಲವೇ ನಿಮಿಷಗಳಲ್ಲಿ ಓದಿ ತೀರ್ಮಾನ ಬರೆಯುತ್ತಾರೆ. ಕೊಡಗನ್ನು ಕಾಣದವರಿಗೂ ಅರ್ಥವಾಗುವಂತೆ ಕಾಗದಪತ್ರ ಸಿದ್ಧಪಡಿಸುವುದೇ ಪ್ರಯಾಣದ ತಯಾರಿಯ ದೊಡ್ಡ ಪಾಲು; ಪೆಟ್ಟಿಗೆ ತುಂಬುವುದು ಆಮೇಲಿನ ಮಾತು. ಇಲ್ಲಿ ಹೇಳಿರುವ ಶುಲ್ಕ ಮತ್ತು ನಿಯಮಗಳನ್ನು ಅರ್ಜಿ ಹಾಕುವ ದಿನ ಆಯಾ ಸರ್ಕಾರದ ಅಧಿಕೃತ ಜಾಲತಾಣದಲ್ಲಿ ಇನ್ನೊಮ್ಮೆ ನೋಡಿಕೊಳ್ಳಬೇಕು.

ಮೊದಲ ಹಂತ: ಹೊರಡುವ ಕಾಲವನ್ನು ಗೊತ್ತುಮಾಡಿಕೊಳ್ಳುವುದು

ತೋಟವಿರುವವರು ಬೆಳೆಯ ಲೆಕ್ಕ ಹಾಕಿಯೇ ಪ್ರಯಾಣದ ದಿನ ಹಿಡಿಯಬೇಕು. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿಯವರೆಗೆ, ರೊಬಸ್ಟಾ ಕೊಯ್ಲು ಸಾಮಾನ್ಯವಾಗಿ ಮಾರ್ಚ್‌ವರೆಗೆ ನಡೆಯುತ್ತದೆ. ಅದರ ಬೆನ್ನಿಗೇ ಹೂಮಳೆಯ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆಯ ನಿರೀಕ್ಷೆ, ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಕೆಲಸ. ಇವೆಲ್ಲ ಮುಗಿದು ಬೆಳೆಗಾರನಿಗೆ ನಿಜವಾದ ಬಿಡುವು ಸಿಗುವುದು ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ. ಆದರೆ ಮೇ ತಿಂಗಳಲ್ಲಿ ಹೊರಡಬೇಕಾದರೆ ಕಾಗದಪತ್ರದ ಓಡಾಟ ಡಿಸೆಂಬರ್, ಜನವರಿಯಲ್ಲಿ, ಅಂದರೆ ಕಣದಲ್ಲಿ ಕಾಫಿ ಹರಡಿರುವಾಗ, ಕೆಲಸಗಾರರನ್ನು ಬಿಟ್ಟು ಕದಲಲಾಗದ ಹೊತ್ತಿನಲ್ಲಿ ಬಂದು ಬೀಳುತ್ತದೆ. ಆದ್ದರಿಂದ ಅಕ್ಟೋಬರ್‌ನ ಕಾವೇರಿ ಸಂಕ್ರಮಣ ಮುಗಿದ ಕೂಡಲೇ, ಭತ್ತದ ಸುಗ್ಗಿ ಹಬ್ಬವಾದ ಪುತ್ತರಿಗೆ ಮುಂಚೆ, ಪಾಸ್‌ಪೋರ್ಟ್‌ಗೆ ಸಂಬಂಧಿಸಿದ ಎಲ್ಲ ಕೆಲಸ ಮುಗಿಸಿಕೊಳ್ಳುವುದು ಜಾಣತನ. ಷೆಂಗೆನ್ ದೇಶಗಳ (ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ) ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಹದಿನೈದು ದಿನಕ್ಕಿಂತ ತಡವಾಗಿ ಹಾಕುವಂತಿಲ್ಲ. ಬೇಸಿಗೆ ರಜೆಯ ಅವಧಿಗೆ ವೀಸಾ ಕೇಂದ್ರದ ದಿನಾಂಕಗಳು ಬೇಗ ತುಂಬಿಹೋಗುವುದರಿಂದ ಕೊನೆಯ ಗಳಿಗೆಯನ್ನು ನಂಬಿ ಕೂರಬಾರದು.

ಮಳೆಗಾಲದಲ್ಲಿ ಅರ್ಜಿ ತುಂಬುವವರಿಗೆ ಬೇರೆಯದೇ ತೊಂದರೆ. ಕರೆಂಟ್ ಹೋಗಿ ಟವರ್ ಸತ್ತ ತೋಟದ ಮನೆಯಲ್ಲಿ ಕುಳಿತು, ಅರ್ಧ ತುಂಬಿದ ಅರ್ಜಿಯ ಮುಂದೆ ಒಟಿಪಿಗಾಗಿ ಕಾಯುವುದಕ್ಕಿಂತ, ಎಲ್ಲ ದಾಖಲೆಗಳನ್ನು ಮೊದಲೇ ಸ್ಕ್ಯಾನ್ ಮಾಡಿಟ್ಟುಕೊಂಡು ಕುಶಾಲನಗರಕ್ಕೋ ಮೈಸೂರಿಗೋ ಹೋದ ದಿನ ಒಂದೇ ಸಲಕ್ಕೆ ಅರ್ಜಿ ಮುಗಿಸುವುದು ಮೇಲು.

ಎರಡನೆಯ ಹಂತ: ಪಾಸ್‌ಪೋರ್ಟ್, ಅದರಲ್ಲೂ ಹೆಸರು

ಈಗಾಗಲೇ ಪಾಸ್‌ಪೋರ್ಟ್ ಇರುವವರು ಮೊದಲು ನೋಡಬೇಕಾದದ್ದು ಅದರ ಅವಧಿಯನ್ನು. ಬಹಳಷ್ಟು ದೇಶಗಳು ಪ್ರಯಾಣದ ದಿನದಿಂದ ಆರು ತಿಂಗಳ ಅವಧಿ ಉಳಿದಿರಬೇಕೆಂದು ಕೇಳುತ್ತವೆ. ಷೆಂಗೆನ್ ವಲಯದಲ್ಲಿ ಅಲ್ಲಿಂದ ಹೊರಬೀಳುವ ದಿನದ ನಂತರ ಮೂರು ತಿಂಗಳಾದರೂ ಉಳಿದಿರಬೇಕು, ಪಾಸ್‌ಪೋರ್ಟ್ ಕಳೆದ ಹತ್ತು ವರ್ಷಗಳೊಳಗೆ ಕೊಟ್ಟದ್ದಾಗಿರಬೇಕು, ಎರಡು ಪುಟ ಖಾಲಿ ಇರಬೇಕು. ಹೊಸದಾಗಿ ಮಾಡಿಸುವವರು ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ತುಂಬಿ, 36 ಪುಟಗಳ ಸಾಮಾನ್ಯ ಪಾಸ್‌ಪೋರ್ಟ್‌ಗೆ 1500 ರೂಪಾಯಿ ಕಟ್ಟಿ, ದಿನ ಗೊತ್ತುಮಾಡಿಕೊಂಡು ಕೇಂದ್ರಕ್ಕೆ ಖುದ್ದಾಗಿ ಹೋಗಬೇಕು. ತತ್ಕಾಲ್ ಆದರೆ ಇದರ ಮೇಲೆ 2000 ರೂಪಾಯಿ ಹೆಚ್ಚು. ಕೊಡಗಿನವರಿಗೆ ಅನುಕೂಲವಾಗಿರುವುದು ಮೈಸೂರಿನ ಅಂಚೆ ಕಚೇರಿಯಲ್ಲಿರುವ ಪಾಸ್‌ಪೋರ್ಟ್ ಸೇವಾ ಕೇಂದ್ರ. ಅಂಚೆ ಕಚೇರಿಗಳಲ್ಲಿ ಇಂತಹ ಕೇಂದ್ರ ತೆರೆಯುವ ಯೋಜನೆ 2017ರ ಜನವರಿಯಲ್ಲಿ ದೇಶದಲ್ಲಿ ಮೊದಲು ಆರಂಭವಾದದ್ದು ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ. ಸಂಪಾಜೆ, ಚೆಂಬು ಕಡೆಯವರಿಗೆ ಮಂಗಳೂರಿನ ಕೇಂದ್ರ, ಶನಿವಾರಸಂತೆ, ಕೊಡ್ಲಿಪೇಟೆ ಕಡೆಯವರಿಗೆ ಹಾಸನದ ಕೇಂದ್ರ ಹೆಚ್ಚು ಅನುಕೂಲವಾಗಬಹುದು. ಅರ್ಜಿ ಹಾಕುವಾಗ ಕಾಣುವ ಪಟ್ಟಿಯಲ್ಲಿ ಎಲ್ಲಿ ಬೇಗ ದಿನ ಸಿಗುತ್ತದೆಂದು ನೋಡಿಕೊಂಡರಾಯಿತು.

ನಿಧಾನವಾಗಿ ಯೋಚಿಸಿ ತೀರ್ಮಾನಿಸಬೇಕಾದ ವಿಷಯವೆಂದರೆ ಹೆಸರು. ಕೊಡವರಲ್ಲಿ ಮನೆಹೆಸರು ಮೊದಲು, ತಂದೆಯ ಹೆಸರು ನಡುವೆ, ಸ್ವಂತ ಹೆಸರು ಕೊನೆಗೆ ಬರುವುದು ರೂಢಿ. ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪ ಎಂಬ ಹೆಸರಿನಲ್ಲಿ ಇದೇ ಕ್ರಮವಿದೆ. ಅರೆಭಾಷೆ ಗೌಡರಲ್ಲೂ ಮನೆಹೆಸರಿನ ಬಳಕೆಯಿದೆ. ಹೊರದೇಶದವರು ಇಂತಹ ಹೆಸರನ್ನು ತಮ್ಮ ಅಭ್ಯಾಸದಂತೆ ಓದಿ, ಕೊನೆಯಲ್ಲಿರುವ ಸ್ವಂತ ಹೆಸರನ್ನೇ ಕುಟುಂಬದ ಹೆಸರೆಂದು ತಿಳಿಯುತ್ತಾರೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಸ್ವಂತ ಹೆಸರಿಗೆ ಒಂದು ಕಾಲಂ, ಸರ್‌ನೇಮ್‌ಗೆ ಇನ್ನೊಂದು ಕಾಲಂ ಇರುವುದರಿಂದ, ಮನೆಹೆಸರನ್ನು ಸರ್‌ನೇಮ್ ಕಾಲಂನಲ್ಲಿ ಪೂರ್ತಿಯಾಗಿ ಬರೆದು, ಉಳಿದದ್ದನ್ನು ಮೊದಲ ಕಾಲಂನಲ್ಲಿ ಬರೆಯುವುದೇ ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ. ಹಾಗೆ ಮಾಡಿದರೆ ಗಂಡ, ಹೆಂಡತಿ, ಮಕ್ಕಳ ಪಾಸ್‌ಪೋರ್ಟ್‌ಗಳಲ್ಲಿ ಒಂದೇ ಸರ್‌ನೇಮ್ ಇದ್ದು, ಮಗುವಿನೊಂದಿಗೆ ಹೋಗುವ ತಾಯಿಯನ್ನು ಇಮಿಗ್ರೇಷನ್ ಕೌಂಟರ್‌ನಲ್ಲಿ ನಿಲ್ಲಿಸಿ ಸಂಬಂಧ ಕೇಳುವ ಸಂದರ್ಭ ಕಡಿಮೆಯಾಗುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್ ಇರುವವರು ಅದನ್ನು ಪಾಸ್‌ಪೋರ್ಟ್ ಅರ್ಜಿಯಲ್ಲಿ ಬಿಡಿಸಿ ಬರೆಯಬೇಕು. ಅದಕ್ಕೂ ಮೊದಲು ಆಧಾರ್ ಮತ್ತು ಪ್ಯಾನ್‌ನಲ್ಲಿಯೂ ಹೆಸರು ಹಾಗೆಯೇ ಇರುವಂತೆ ತಿದ್ದಿಸಿಕೊಂಡರೆ ಮುಂದಿನ ಎಲ್ಲ ಕೆಲಸ ಸಲೀಸು.

ಸರ್‌ನೇಮ್ ಕಾಲಂ ಖಾಲಿ ಬಿಡುವುದು ಈಗ ಅಪಾಯಕಾರಿ. 2022ರ ನವೆಂಬರ್‌ನಿಂದ ಯುಎಇ, ಒಂದೇ ಪದದ ಹೆಸರಿದ್ದು ಸರ್‌ನೇಮ್ ಇಲ್ಲದ ಪಾಸ್‌ಪೋರ್ಟ್‌ನವರಿಗೆ ಪ್ರವಾಸಿ ಮತ್ತು ಭೇಟಿ ವೀಸಾದ ಮೇಲೆ ಪ್ರವೇಶ ನಿರಾಕರಿಸಲು ಆರಂಭಿಸಿತು. ಇಂಗ್ಲಿಷ್ ಕಾಗುಣಿತದ ತೊಡಕು ಇನ್ನೊಂದು. ಒಂದೇ ಮನೆಯಲ್ಲಿ ಅಣ್ಣ ಕಾರ್ಯಪ್ಪ ಎಂಬುದನ್ನು ಸಿ ಅಕ್ಷರದಿಂದಲೂ ತಮ್ಮನ ಮಗ ಕೆ ಅಕ್ಷರದಿಂದಲೂ ಬರೆಯುವುದುಂಟು. ಒಬ್ಬರದೇ ಹೆಸರು ಬ್ಯಾಂಕಿನಲ್ಲೊಂದು, ಪ್ಯಾನ್‌ನಲ್ಲೊಂದು ಕಾಗುಣಿತದಲ್ಲಿರುವುದೂ ಉಂಟು. ವೀಸಾ ಅರ್ಜಿಯಲ್ಲಿ ಇಂತಹ ವ್ಯತ್ಯಾಸ ಕಂಡರೆ ಇಬ್ಬರು ಬೇರೆ ಬೇರೆ ವ್ಯಕ್ತಿಗಳೆಂಬ ಅನುಮಾನ ಹುಟ್ಟುತ್ತದೆ. ಪಾಸ್‌ಪೋರ್ಟ್‌ನಲ್ಲಿರುವ ಕಾಗುಣಿತವನ್ನೇ ಪ್ರಮಾಣವಾಗಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸಬೇಕು, ವಿಮಾನದ ಟಿಕೆಟ್‌ನಲ್ಲಿಯೂ ಅದೇ ಇರಬೇಕು. ಮದುವೆಯಾದ ಹೆಣ್ಣುಮಕ್ಕಳು ಪಾಸ್‌ಪೋರ್ಟ್‌ನಲ್ಲಿ ತವರಿನ ಮನೆಹೆಸರನ್ನು ಬದಲಿಸಲೇಬೇಕೆಂಬ ಕಾನೂನಿಲ್ಲ. ಬದಲಿಸುವ ಮನಸ್ಸಿದ್ದರೆ ಟಿಕೆಟ್ ಕೊಳ್ಳುವ ಮೊದಲು ಬದಲಿಸಬೇಕು, ಅರ್ಧ ದಾರಿಯಲ್ಲಿ ಬದಲಿಸಬಾರದು.

ಹಿರಿಯರ ವಿಷಯದಲ್ಲಿ ಹುಟ್ಟಿದ ಸ್ಥಳವೂ ಗೊಂದಲಕ್ಕೆ ಕಾರಣವಾಗುತ್ತದೆ. ಕೊಡಗು 1956ರ ನವೆಂಬರ್ 1ರವರೆಗೆ ಪ್ರತ್ಯೇಕ ರಾಜ್ಯವಾಗಿದ್ದುದರಿಂದ, ಹಳೆಯ ದಾಖಲೆಗಳಲ್ಲಿ ಕೂರ್ಗ್ ಎಂದೋ ಮರ್ಕೆರಾ ಎಂದೋ ಇರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಏನಿದೆಯೋ ಅದನ್ನೇ ಎಲ್ಲ ವೀಸಾ ಅರ್ಜಿಗಳಲ್ಲಿಯೂ ಬರೆದರೆ ಸಾಕು. ಮಕ್ಕಳಿಗೆ ಪಾಸ್‌ಪೋರ್ಟ್ ಮಾಡಿಸುವವರು, 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೊಂದೇ ವಯಸ್ಸಿನ ದಾಖಲೆ ಎಂಬುದನ್ನು ನೆನಪಿಡಬೇಕು.

ಪೊಲೀಸ್ ಪರಿಶೀಲನೆಗೆ ಠಾಣೆಯಿಂದ ಬರುವ ಸಿಬ್ಬಂದಿಗೆ ಗ್ರಾಮ ಮತ್ತು ಅಂಚೆ ಎಂಬ ವಿಳಾಸ ಹಿಡಿದು ತೋಟದೊಳಗಿನ ಮನೆಯನ್ನು ಹುಡುಕುವುದು ಕಷ್ಟ. ಅರ್ಜಿಯಲ್ಲಿ ಕೊಡುವ ಮೊಬೈಲ್ ಸಂಖ್ಯೆ ಮನೆಯಲ್ಲಿ ನಿಜವಾಗಿ ಸಿಗ್ನಲ್ ಸಿಗುವ ಸಂಖ್ಯೆಯಾಗಿರಬೇಕು. ಬೆಂಗಳೂರಿನಲ್ಲಿ ವಾಸವಿದ್ದು ಐನ್‌ಮನೆಯ (ಮನೆತನದ ಮೂಲಮನೆಯ) ವಿಳಾಸ ಕೊಟ್ಟವರ ಕಡತ, ಬಂದಾಗ ಆ ವ್ಯಕ್ತಿ ಮನೆಯಲ್ಲಿಲ್ಲ ಎಂಬ ಷರಾದೊಂದಿಗೆ ಹಿಂದಿರುಗುವುದು ಅಪರೂಪವೇನಲ್ಲ. ಈಗ ಎಲ್ಲಿ ವಾಸವಿದ್ದೀರೋ ಆ ವಿಳಾಸವನ್ನೇ ಕೊಡಿ.

ಕೊಲ್ಲಿ ರಾಷ್ಟ್ರಗಳಿಗೆ ಕೆಲಸಕ್ಕೆ ಹೋಗುವವರಿಗೆ ಒಂದು ಮಾತು. ಹತ್ತನೆಯ ತರಗತಿ ತೇರ್ಗಡೆಯಾಗಿಲ್ಲದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ (ವಲಸೆಗೆ ಅನುಮತಿ ಬೇಕಾದ) ವರ್ಗದ್ದಾಗಿರುತ್ತದೆ. ಸೌದಿ ಅರೇಬಿಯಾ, ಯುಎಇ, ಕತಾರ್, ಕುವೈತ್, ಒಮಾನ್, ಬಹರೈನ್, ಮಲೇಷ್ಯಾ ಸೇರಿದಂತೆ 18 ದೇಶಗಳಿಗೆ ಅವರು ಉದ್ಯೋಗಕ್ಕೆ ಹೋಗಬೇಕಾದರೆ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವ್ಯವಸ್ಥೆಯ ಮೂಲಕ ಅನುಮತಿ ಬೇಕು. ಭೇಟಿ ವೀಸಾದಲ್ಲಿ ಕಳುಹಿಸಿ ಅಲ್ಲಿಗೆ ಹೋದ ಮೇಲೆ ಬದಲಿಸಿಕೊಡುತ್ತೇನೆ ಎನ್ನುವ ಏಜೆಂಟರನ್ನು ನಂಬಬಾರದು. ಏಜೆಂಟರ ನೋಂದಣಿ ಸಂಖ್ಯೆ ಇ-ಮೈಗ್ರೇಟ್ ಜಾಲತಾಣದ ಪಟ್ಟಿಯಲ್ಲಿದೆಯೇ ಎಂದು ಹಣ ಕೊಡುವ ಮೊದಲು ನೋಡಬೇಕು.

ಮೂರನೆಯ ಹಂತ: ವೀಸಾ ಮತ್ತು ಕಾಫಿಯ ಆದಾಯ

ಎಲ್ಲ ದೇಶಗಳಿಗೂ ಒಂದೇ ಬಗೆಯ ವೀಸಾ ಇಲ್ಲ. ಥಾಯ್ಲೆಂಡ್, ಮಲೇಷ್ಯಾದಂತಹ ದೇಶಗಳು ಇತ್ತೀಚಿನ ವರ್ಷಗಳಲ್ಲಿ ಭಾರತೀಯ ಪ್ರವಾಸಿಗರಿಗೆ ಅಲ್ಪಾವಧಿಗೆ ವೀಸಾ ವಿನಾಯಿತಿ ಕೊಟ್ಟಿವೆ. ಆದರೂ ಅಲ್ಲಿಗೆ ಹೊರಡುವ ಮೂರು ದಿನಗಳೊಳಗೆ ಡಿಜಿಟಲ್ ಆಗಮನ ಕಾರ್ಡ್ ತುಂಬಬೇಕು. ವಿಯೆಟ್ನಾಂಗೆ ಇ-ವೀಸಾ ಸಾಕು. ಕಷ್ಟವಿರುವುದು ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಮತ್ತು ಷೆಂಗೆನ್ ದೇಶಗಳಲ್ಲಿ. ಅಲ್ಲಿನ ಅಧಿಕಾರಿಗಳು ಅಳೆಯುವುದು ಮುಖ್ಯವಾಗಿ ಎರಡೇ ಸಂಗತಿ: ಪ್ರವಾಸದ ವೆಚ್ಚ ಭರಿಸುವ ಶಕ್ತಿ ಈ ವ್ಯಕ್ತಿಗಿದೆಯೇ, ಈತ ಮರಳಿ ಊರಿಗೆ ಬರುತ್ತಾನೆಯೇ. ತೋಟವಿರುವವರಿಗೆ ಎರಡಕ್ಕೂ ಒಳ್ಳೆಯ ಉತ್ತರವಿದೆ. ಆದರೆ ಅದನ್ನು ಕಾಗದದಲ್ಲಿ ತೋರಿಸುವುದರಲ್ಲೇ ನಮ್ಮವರು ಎಡವುತ್ತಾರೆ.

ವೀಸಾ ಕೇಂದ್ರಗಳು ಸಾಮಾನ್ಯವಾಗಿ ಎರಡು ಮೂರು ವರ್ಷದ ಆದಾಯ ತೆರಿಗೆ ವಿವರ ಮತ್ತು ಕೆಲವು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತವೆ. ಚೆರ್ರಿಯಾಗಿಯೋ (ಹಣ್ಣನ್ನು ಹಾಗೆಯೇ ಒಣಗಿಸಿ) ಪಾರ್ಚ್‌ಮೆಂಟಾಗಿಯೋ (ಸಿಪ್ಪೆ ಸುಲಿದು ತೊಳೆದು ಒಣಗಿಸಿ) ಕಾಫಿ ಮಾರುವ ಬೆಳೆಗಾರನ ಆದಾಯ ಕೃಷಿ ಆದಾಯವಾದ್ದರಿಂದ ಅದಕ್ಕೆ ಕೇಂದ್ರದ ಆದಾಯ ತೆರಿಗೆಯಿಲ್ಲ. ಬೆಳೆದವರೇ ಕ್ಯೂರಿಂಗ್ ಮಾಡಿಸಿ (ಹೊಟ್ಟು ತೆಗೆದು ಬೀಜ ವಿಂಗಡಿಸಿ) ಮಾರಿದರೆ ಆ ಆದಾಯದ ಶೇ. 25 ಭಾಗ, ಹುರಿದು ಪುಡಿ ಮಾಡಿ ಮಾರಿದರೆ ಶೇ. 40 ಭಾಗ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಹೀಗಾಗಿ ಒಳ್ಳೆಯ ತೋಟವಿರುವ ಎಷ್ಟೋ ಮನೆಗಳಲ್ಲಿ ರಿಟರ್ನ್ ಸಲ್ಲಿಸಿದ ಅಭ್ಯಾಸವೇ ಇಲ್ಲ. ಹೊರದೇಶಕ್ಕೆ ಹೋಗುವ ಯೋಚನೆ ಇರುವವರು ತೆರಿಗೆ ಕಟ್ಟಬೇಕಾಗಿಲ್ಲದಿದ್ದರೂ ಕೃಷಿ ಆದಾಯವನ್ನು ತೋರಿಸಿ ಪ್ರತಿ ವರ್ಷ ರಿಟರ್ನ್ ಸಲ್ಲಿಸುತ್ತ ಬರುವುದು ಒಳ್ಳೆಯದು. ವೀಸಾ ಅಧಿಕಾರಿಯ ಕಣ್ಣಿಗೆ ಅದಕ್ಕಿಂತ ಗಟ್ಟಿಯಾದ ಕಾಗದ ಬೇರೆ ಇಲ್ಲ.

ಬ್ಯಾಂಕ್ ಸ್ಟೇಟ್‌ಮೆಂಟ್ ಇನ್ನೊಂದು ತೊಡಕು. ರೊಬಸ್ಟಾ ಮಾರಿದ ಹಣ ಫೆಬ್ರುವರಿ, ಮಾರ್ಚ್‌ನಲ್ಲಿ ಒಮ್ಮೆಗೇ ಖಾತೆಗೆ ಬೀಳುತ್ತದೆ, ಉಳಿದ ತಿಂಗಳುಗಳಲ್ಲಿ ಕೂಲಿ, ಗೊಬ್ಬರ, ಡೀಸೆಲ್ ಎಂದು ಹೊರಗೆ ಹೋಗುವುದೇ ಹೆಚ್ಚು. ತಿಂಗಳ ಸಂಬಳದ ಖಾತೆಗಳನ್ನು ನೋಡಿ ರೂಢಿಯಿರುವ ಅಧಿಕಾರಿಗೆ ಇದು, ಅರ್ಜಿ ಹಾಕುವ ಮುನ್ನ ಯಾರಿಂದಲೋ ಸಾಲ ತಂದು ತುಂಬಿಸಿದ ಖಾತೆಯಂತೆ ಕಾಣುತ್ತದೆ. ಆದ್ದರಿಂದ ದೊಡ್ಡ ಮೊತ್ತ ಬಂದ ಪ್ರತಿ ಸಾಲಿನ ಪಕ್ಕದಲ್ಲೂ ಕ್ರಮಸಂಖ್ಯೆ ಬರೆದು, ಅದೇ ಸಂಖ್ಯೆಯ ಕಾಫಿ ಅಥವಾ ಕಾಳುಮೆಣಸು ಮಾರಾಟದ ಬಿಲ್ ಲಗತ್ತಿಸಬೇಕು. ನಗದಿನಲ್ಲಿ ಕಾಫಿ ಮಾರುವ ಅಭ್ಯಾಸವಿರುವವರು ಪ್ರವಾಸದ ವರ್ಷವಾದರೂ ಬ್ಯಾಂಕಿನ ಮೂಲಕವೇ ಹಣ ಪಡೆಯಬೇಕು. ಆರು ತಿಂಗಳ ಬದಲು ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ಕೊಟ್ಟರೆ ಹಿಂದಿನ ಸುಗ್ಗಿಯ ಹಣವೂ ಅದರಲ್ಲಿ ಕಾಣುತ್ತದೆ.

ಇನ್ನು ಪಹಣಿ. ಜಮ್ಮಾ ಜಾಗದ ಪಹಣಿಯಲ್ಲಿ ಪಟ್ಟೇದಾರನ (ಮನೆತನದ ಯಜಮಾನನ) ಹೆಸರಿನೊಂದಿಗೆ ಒಕ್ಕದ, ಅಂದರೆ ಮನೆತನದ ಹಲವರ ಹೆಸರುಗಳಿರುತ್ತವೆ. ಕೆಲವು ಕಡೆ ತೀರಿಕೊಂಡವರ ಹೆಸರೂ ಉಳಿದಿರುತ್ತದೆ. ಇಂತಹ ಪಹಣಿಯನ್ನು ಹಾಗೆಯೇ ಲಗತ್ತಿಸಿದರೆ ಅರ್ಜಿದಾರನಿಗೆ ಆಸ್ತಿ ಇದೆ ಎಂಬುದು ತಿಳಿಯುವುದಿಲ್ಲ. ಕಂದಾಯ ಇಲಾಖೆಯ ವಂಶವೃಕ್ಷ, ಪಾಲುಪಟ್ಟಿ ಇದ್ದರೆ ಅದರ ಪ್ರತಿ, ತನ್ನ ಅನುಭವದಲ್ಲಿರುವ ಜಾಗ ಎಷ್ಟೆಂದು ಹೇಳುವ ಪ್ರಮಾಣಪತ್ರ, ಇವೆಲ್ಲದರ ಇಂಗ್ಲಿಷ್ ಅನುವಾದವನ್ನು ನೋಟರಿ ಸಹಿಯೊಂದಿಗೆ ಜೋಡಿಸಬೇಕು. ಲೆಕ್ಕಪರಿಶೋಧಕರಿಂದ ಆದಾಯ ಮತ್ತು ಆಸ್ತಿಯ ಒಂದು ಪುಟದ ವಿವರಣೆ ಬರೆಸಿಕೊಂಡರೆ ಇನ್ನೂ ಒಳ್ಳೆಯದು.

ಎಲ್ಲದರ ಮೇಲೆ ಒಂದು ವಿವರಣಾ ಪತ್ರವಿರಬೇಕು. ಇಂಗ್ಲಿಷಿನಲ್ಲಿ ಬರೆಯಬೇಕಾದ ಆ ಪತ್ರದ ತಿರುಳು ಹೀಗಿದ್ದರೆ ಸಾಕು: “ನಾನು ಕರ್ನಾಟಕದ ಕೊಡಗು ಜಿಲ್ಲೆಯ ಇಂಥ ಗ್ರಾಮದಲ್ಲಿ ಹತ್ತು ಎಕರೆ ರೊಬಸ್ಟಾ ಕಾಫಿ ಮತ್ತು ಕಾಳುಮೆಣಸು ಬೆಳೆಯುತ್ತೇನೆ. ಈ ಭಾಗದಲ್ಲಿ ಕೊಯ್ಲು ವರ್ಷಕ್ಕೊಮ್ಮೆ, ಜನವರಿಯಿಂದ ಮಾರ್ಚ್‌ವರೆಗೆ ನಡೆಯುವುದರಿಂದ ನನ್ನ ವರ್ಷದ ಆದಾಯ ಆ ತಿಂಗಳುಗಳಲ್ಲಿಯೇ ಬರುತ್ತದೆ; ಮಾರಾಟದ ಬಿಲ್‌ಗಳು ಲಗತ್ತು ಮೂರರಲ್ಲಿವೆ. ಭೂಮಿ ಕುಟುಂಬದ ಹಿಡುವಳಿಯಾಗಿದ್ದು, ನನ್ನ ಪಾಲಿನ ವಿವರ ಲಗತ್ತು ನಾಲ್ಕರಲ್ಲಿದೆ. ಮೇ 5ರಿಂದ 19ರವರೆಗೆ ಪ್ರವಾಸ ಮಾಡಿ, ಮಳೆಗಾಲಕ್ಕೆ ಮೊದಲಿನ ಗೊಬ್ಬರ ಮತ್ತು ನೆರಳಿನ ಮರಗಳ ಕೆಲಸಕ್ಕೆ ಹಿಂದಿರುಗುತ್ತೇನೆ.” ಮರಳಿ ಬರಲು ಇರುವ ಕಾರಣವನ್ನು ಕೊನೆಯ ವಾಕ್ಯ ಹೇಳುತ್ತದೆ, ಅದನ್ನು ಬಿಡಬಾರದು. ಮಕ್ಕಳನ್ನು ನೋಡಲು ಹೋಗುವ ತಂದೆತಾಯಿಯರು ಮಕ್ಕಳ ಆಹ್ವಾನ ಪತ್ರದ ಜೊತೆಗೆ ಊರಿನಲ್ಲಿರುವ ತಮ್ಮ ಆಸ್ತಿಯ ದಾಖಲೆಯನ್ನೂ ಕೊಡಬೇಕು. ಅಮೆರಿಕದ ಸಂದರ್ಶನದಲ್ಲಿ ಅಧಿಕಾರಿ ಕಡತವನ್ನು ತೆರೆಯದೆಯೇ ಎರಡು ಮೂರು ಪ್ರಶ್ನೆ ಕೇಳಿ ಮುಗಿಸುವುದೂ ಉಂಟು. ಏಕೆ ಹೋಗುತ್ತಿದ್ದೀರಿ, ಎಷ್ಟು ದಿನ ಇರುತ್ತೀರಿ ಎಂಬುದಕ್ಕೆ ಅರ್ಜಿಯಲ್ಲಿ ಬರೆದದ್ದನ್ನೇ ನೇರವಾಗಿ ಹೇಳಿದರೆ ಸಾಕು.

ಫೋಟೊದ ಅಳತೆ ದೇಶದಿಂದ ದೇಶಕ್ಕೆ ಬೇರೆ. ಷೆಂಗೆನ್‌ಗೆ 35 ಮತ್ತು 45 ಮಿಲಿಮೀಟರ್, ಅಮೆರಿಕಕ್ಕೆ ಎರಡು ಇಂಚಿನ ಚೌಕ ಎಂದು ಸ್ಟುಡಿಯೊದವರಿಗೆ ಬರೆದು ಕೊಡಿ.

ನಾಲ್ಕನೆಯ ಹಂತ: ಹಣ, ವಿಮೆ, ಔಷಧ

ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಅಮೆರಿಕಕ್ಕೆ ಕಡ್ಡಾಯವಲ್ಲದಿದ್ದರೂ ಅಲ್ಲಿನ ಆಸ್ಪತ್ರೆ ವೆಚ್ಚವನ್ನು ಬಲ್ಲವರು ವಿಮೆಯಿಲ್ಲದೆ ಹಿರಿಯರನ್ನು ಕಳುಹಿಸುವುದಿಲ್ಲ. ರಕ್ತದೊತ್ತಡ, ಮಧುಮೇಹದಂತಹ ಹಳೆಯ ಕಾಯಿಲೆಗಳಿಗೆ ವಿಮೆ ಅನ್ವಯಿಸುತ್ತದೆಯೇ ಎಂಬುದನ್ನು ಕೊಳ್ಳುವ ಮೊದಲೇ ಓದಬೇಕು. ಡೆಬಿಟ್ ಮತ್ತು ಕ್ರೆಡಿಟ್ ಕಾರ್ಡ್‌ಗಳು ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಭಾರತದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ, ವಿದೇಶ ಬಳಕೆಯನ್ನು ನಾವೇ ಬ್ಯಾಂಕಿನ ಆ್ಯಪ್‌ನಲ್ಲಿ ಚಾಲೂ ಮಾಡಿಕೊಳ್ಳಬೇಕು. ಈ ಕೆಲಸವನ್ನು ಮನೆಯಲ್ಲಿಯೇ ಮುಗಿಸಿ, ಬ್ಯಾಂಕಿಗೆ ಕೊಟ್ಟಿರುವ ಸಿಮ್‌ಗೆ ರೋಮಿಂಗ್ ಹಾಕಿಸಿಕೊಳ್ಳದಿದ್ದರೆ ಅಲ್ಲಿ ಒಟಿಪಿ ಬರುವುದಿಲ್ಲ. ಹೆಚ್ಚಿನ ದೇಶಗಳಿಗೆ ನೋಟುಗಳ ರೂಪದಲ್ಲಿ ಒಂದು ಪ್ರಯಾಣಕ್ಕೆ 3,000 ಡಾಲರ್‌ವರೆಗೆ ವಿದೇಶಿ ಹಣ ಕೊಳ್ಳಬಹುದು, ಉಳಿದದ್ದು ಫಾರೆಕ್ಸ್ ಕಾರ್ಡ್‌ನಲ್ಲಿರಲಿ. ಭಾರತದ ನೋಟು 25,000 ರೂಪಾಯಿಗಿಂತ ಹೆಚ್ಚು ಒಯ್ಯುವಂತಿಲ್ಲ.

ಔಷಧಗಳನ್ನು ಅಂಗಡಿಯಿಂದ ಬಂದ ಮೂಲ ಸ್ಟ್ರಿಪ್‌ಗಳಲ್ಲಿಯೇ, ವೈದ್ಯರ ಚೀಟಿಯೊಂದಿಗೆ, ಕೈಚೀಲದಲ್ಲಿಡಬೇಕು. ಟ್ರಾಮಡಾಲ್, ಕೊಡೀನ್ ಇರುವ ನೋವಿನ ಮತ್ತು ಕೆಮ್ಮಿನ ಔಷಧಗಳಿಗೆ ಯುಎಇಯಲ್ಲಿ ಮುಂಚಿತ ಅನುಮತಿ ಬೇಕು. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಲವು ದೇಶಗಳಿಗೆ ಹೋಗುವವರು, ಅಲ್ಲಿನ ಕಾಫಿ ತೋಟಗಳನ್ನು ನೋಡಲು ಹೊರಟವರೂ ಸೇರಿ, ಹೊರಡುವ ಹತ್ತು ದಿನಗಳಿಗೆ ಮೊದಲೇ ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಬೇಕು. ಪ್ರಮಾಣಪತ್ರವಿಲ್ಲದೆ ಮರಳಿದರೆ ಭಾರತದಲ್ಲಿಯೇ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುತ್ತಾರೆ.

ಅಲ್ಲಿ ಕಾರು ಓಡಿಸುವವರು ಮಡಿಕೇರಿಯ ಆರ್‌ಟಿಒ ಕಚೇರಿಯಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯಬಹುದು. ಶುಲ್ಕ 1000 ರೂಪಾಯಿ, ಅವಧಿ ಒಂದು ವರ್ಷ.

ಐದನೆಯ ಹಂತ: ಪೆಟ್ಟಿಗೆಯಲ್ಲಿ ಏನಿರಬೇಕು, ಏನಿರಬಾರದು

ಕೊಡಗಿನ ಮನೆಯಿಂದ ಹೊರಡುವ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ತಿನಿಸೇ ಹೆಚ್ಚಿರುವುದು ಸಹಜ. ಹುರಿದ ಕಾಫಿಪುಡಿ ಮತ್ತು ಒಣಗಿದ ಮಸಾಲೆ ಪುಡಿಗಳು ಅಂಗಡಿಯ ಮುದ್ರೆಯಿರುವ ಪೊಟ್ಟಣದಲ್ಲಿದ್ದರೆ ಹೆಚ್ಚಿನ ಕಡೆ ತೊಂದರೆಯಾಗುವುದಿಲ್ಲ. ಕಾಚಂಪುಳಿಯನ್ನು (ಅಡುಗೆಗೆ ಬಳಸುವ ಕಪ್ಪು ಹುಳಿರಸವನ್ನು) ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಬಾಟಲಿಯಲ್ಲಿ ಒಯ್ಯಲು ಬಿಡುವುದಿಲ್ಲ; ದೊಡ್ಡ ಪೆಟ್ಟಿಗೆಯಲ್ಲಿಡುವಾಗ ಮುಚ್ಚಳಕ್ಕೆ ಟೇಪ್ ಸುತ್ತಿ ಎರಡು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಬೇಕು, ಇಲ್ಲದಿದ್ದರೆ ಅದರ ಕಪ್ಪು ಕಲೆ ಬಿಳಿ ಅಂಗಿಯಿಂದ ಹೋಗದು. ಪಂದಿ ಕರಿಯನ್ನು, ಒಣಗಿಸಿದ ಮಾಂಸವನ್ನು, ಮಾಂಸದ ಉಪ್ಪಿನಕಾಯಿಯನ್ನು ಯುರೋಪ್, ಅಮೆರಿಕ, ಆಸ್ಟ್ರೇಲಿಯಾಗಳಿಗೆ ಒಯ್ಯಲೇಬಾರದು. ಮಗ ಎಷ್ಟೇ ಕೇಳಿದರೂ ಅಲ್ಲಿಯೇ ಮಾಂಸ ಕೊಂಡು ಇಲ್ಲಿಯ ಮಸಾಲೆ, ಕಾಚಂಪುಳಿ ಹಾಕಿ ಮಾಡಿಕೊಡುವುದು ಒಳ್ಳೆಯದು. ಕೊಡಗಿನ ಕಿತ್ತಳೆ ಮತ್ತು ಇತರ ತಾಜಾ ಹಣ್ಣು, ಹಸಿ ಕಾಳುಮೆಣಸು, ಬೀಜ, ಗಿಡ ಯಾವುದೂ ಬೇಡ. ನ್ಯೂಜಿಲೆಂಡ್‌ಗೆ ಜೇನುತುಪ್ಪ ನಿಷಿದ್ಧ. ಪಾಯಸಕ್ಕೆಂದು ಗಸಗಸೆ ಕಟ್ಟಿಕೊಳ್ಳುವ ಅಭ್ಯಾಸ ಯುಎಇ ಮತ್ತು ಸಿಂಗಪುರದಲ್ಲಿ ಜೈಲಿಗೆ ದಾರಿಯಾಗಬಹುದು, ಅಲ್ಲಿ ಅದು ಮಾದಕ ವಸ್ತುಗಳ ಕಾನೂನಿನಡಿ ಬರುತ್ತದೆ. ಮನೆಯಲ್ಲಿ ಮಾಡಿದ ವೈನ್ ಬಾಟಲಿಯೊಳಗೇ ಹುಳಿಯುತ್ತಿದ್ದರೆ ದಾರಿಯಲ್ಲಿ ಒಡೆಯುತ್ತದೆ. ಕುವೈತ್, ಸೌದಿ ಅರೇಬಿಯಾಗಳಿಗಂತೂ ಮದ್ಯದ ಹನಿಯನ್ನೂ ಒಯ್ಯುವಂತಿಲ್ಲ.

ಆಸ್ಟ್ರೇಲಿಯಾದಲ್ಲಿ ಇಳಿಯುವಾಗ ತುಂಬುವ ಕಾರ್ಡ್‌ನಲ್ಲಿ ತಿನಿಸಿನ ಬಗ್ಗೆ ಕೇಳುವಂತೆಯೇ, ಇತ್ತೀಚೆಗೆ ಕೃಷಿ ಭೂಮಿಗೆ ಹೋಗಿದ್ದಿರಾ, ಮಣ್ಣು ಅಂಟಿದ ವಸ್ತುಗಳಿವೆಯೇ ಎಂದೂ ಕೇಳುತ್ತಾರೆ. ತೋಟದ ಬೂಟನ್ನು ಮನೆಯಲ್ಲಿಯೇ ಬಿಡಬೇಕು ಅಥವಾ ಅಡಿಯ ಗೆರೆಗಳಲ್ಲಿರುವ ಕೆಮ್ಮಣ್ಣು ಹೋಗುವಂತೆ ಬ್ರಷ್‌ನಿಂದ ತಿಕ್ಕಿ ತೊಳೆಯಬೇಕು. ಏನನ್ನಾದರೂ ಒಯ್ಯುತ್ತಿದ್ದರೆ ಹೌದು ಎಂದು ಬರೆದು ತೋರಿಸಿದವರಿಗೆ ಹೆಚ್ಚೆಂದರೆ ವಸ್ತು ಹೋಗುತ್ತದೆ, ಮುಚ್ಚಿಟ್ಟವರಿಗೆ ದಂಡ ಬೀಳುತ್ತದೆ, ವೀಸಾ ರದ್ದಾಗಲೂಬಹುದು.

ಕೊಡಗಿನವರು ಮಾತ್ರ ಎದುರಿಸಬಹುದಾದ ಇನ್ನೊಂದು ಅಪಾಯವಿದೆ. ಕೋವಿ ಇರುವ ಮನೆಗಳಲ್ಲಿ ಬೇಟೆಯ ಕಾಲದ ಹಳೆಯ ಚೀಲ, ಜಾಕೆಟ್ಟಿನ ಒಳಜೇಬು, ಮಿಲಿಟರಿಯಿಂದ ನಿವೃತ್ತರಾದವರ ಟ್ರಂಕು ಇವುಗಳಲ್ಲಿ ಒಂದೆರಡು ಕಾಡತೂಸು ಉಳಿದುಹೋಗಿರುವ ಸಾಧ್ಯತೆ ಹೆಚ್ಚು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ, ನಿಜ. ಆದರೆ ಆ ವಿನಾಯಿತಿ ಪತ್ರ ತೋರಿಸಿ ವಿಮಾನ ನಿಲ್ದಾಣದ ಸ್ಕ್ಯಾನರ್ ದಾಟಲಾಗದು. ಒಂದೇ ಒಂದು ಕಾಡತೂಸು ಸಿಕ್ಕರೂ ಪೊಲೀಸರಿಗೆ ಒಪ್ಪಿಸುತ್ತಾರೆ, ವಿಮಾನ ತಪ್ಪುತ್ತದೆ, ಪ್ರಕರಣ ಕೋರ್ಟಿನವರೆಗೆ ಹೋಗುತ್ತದೆ. ಆದ್ದರಿಂದ ಪ್ರಯಾಣಕ್ಕೆ ಹೊಸ ಚೀಲವನ್ನೇ ಬಳಸುವುದು ಕ್ಷೇಮ. ಹಳೆಯದನ್ನು ಒಯ್ಯುವುದಾದರೆ ಪ್ರತಿ ಜೇಬನ್ನೂ ಹೊರಗೆ ತಿರುವಿ, ಅಸ್ತರಿನ ಹರಕಿನೊಳಗೂ ಬೆರಳು ಹಾಕಿ ನೋಡಬೇಕು.

ಹೊರದೇಶದಲ್ಲಿ ನಡೆಯುವ ಮದುವೆಗೆ ಕೊಡವರ ಸಾಂಪ್ರದಾಯಿಕ ಉಡುಪಾದ ಕುಪ್ಯಚೇಲೆ ಉಡಲು ಅದರ ಜೊತೆಗಿನ ಕಠಾರಿಯಾದ ಪೀಚೆಕತ್ತಿ ಒಯ್ಯುವವರು ಅದನ್ನು ಕೈಚೀಲದಲ್ಲಿ ಇಡಲೇಬಾರದು. ದೊಡ್ಡ ಪೆಟ್ಟಿಗೆಯಲ್ಲಿಟ್ಟರೂ ಇಳಿಯುವ ದೇಶದ ಕಾನೂನು ಅಲಗಿನ ಆಯುಧವನ್ನು ಒಳಗೆ ಬಿಡುತ್ತದೆಯೇ ಎಂದು ಮೊದಲೇ ನೋಡಬೇಕು. ಅನುಮಾನವಿದ್ದರೆ ಅಲ್ಲಿನ ಕೊಡವ ಬಂಧುಗಳಿಂದ ಎರವಲು ಪಡೆಯುವುದೇ ಸುಲಭ. ಜೋಮಾಲೆ, ಕೊಕ್ಕೆತಾತಿ, ಪತ್ತಾಕ್‌ನಂತಹ ಬೆಲೆಬಾಳುವ ಒಡವೆ ಒಯ್ಯುವವರು ಹೊರಡುವ ದಿನ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗೆ ಒಡವೆಯನ್ನು ತೋರಿಸಿ ರಫ್ತು ಪ್ರಮಾಣಪತ್ರ ಪಡೆಯಬೇಕು. ಅದಿಲ್ಲದಿದ್ದರೆ ಮರಳಿ ಬರುವಾಗ ಅಜ್ಜಿಯ ಕಾಲದ ಒಡವೆಯನ್ನೂ ವಿದೇಶದಲ್ಲಿ ಕೊಂಡದ್ದೆಂದು ತಿಳಿದು ಸುಂಕ ಕೇಳಬಹುದು. ಒಡವೆಯ ಫೋಟೊ ಮತ್ತು ಅಕ್ಕಸಾಲಿಗರು ಬರೆದುಕೊಟ್ಟ ತೂಕದ ಚೀಟಿ ಜೊತೆಗಿದ್ದರೆ ಆ ಕೆಲಸ ಬೇಗ ಮುಗಿಯುತ್ತದೆ, ಆದರೂ ಅದಕ್ಕೆಂದು ಒಂದು ಗಂಟೆ ಮೊದಲೇ ತಲುಪಬೇಕು. ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ ಇರಬೇಕು.

ಆರನೆಯ ಹಂತ: ಮನೆ ಮತ್ತು ತೋಟವನ್ನು ಒಪ್ಪಿಸುವುದು

ಕೂಲಿ ಬಟವಾಡೆಗೆ ಬೇಕಾದ ಹಣ, ಮೋಟರ್ ಮತ್ತು ಜನರೇಟರ್‌ನ ಕೀಲಿಕೈ, ಕಾಫಿ ಮಾರಾಟದ ಬಾಕಿಯ ವಿವರ ಇವನ್ನು ತೋಟದ ಲೆಕ್ಕ ನೋಡುವ ರೈಟರ್‌ಗೆ ಬರೆದು ಒಪ್ಪಿಸಬೇಕು. ಬಹಳ ದಿನ ಹೋಗುವವರು ಬ್ಯಾಂಕ್ ಮತ್ತು ಕಂದಾಯ ಕಚೇರಿಯ ಕೆಲಸಗಳಿಗೆ ನಂಬಿಕಸ್ಥರಿಗೆ ಅಧಿಕಾರ ಪತ್ರ ಬರೆದುಕೊಟ್ಟು ಹೋಗಬೇಕು. ಮನೆಗೆ ಬೀಗ ಹಾಕಿ ಹೋಗುವವರು ಕೋವಿಯನ್ನು ಕಪಾಟಿನಲ್ಲಿ ಬಿಡದೆ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ಕೋವಿ ಅಂಗಡಿಯಲ್ಲಿ ಠೇವಣಿ ಇಟ್ಟು ರಸೀದಿ ಪಡೆಯಬೇಕು. ಪಾಸ್‌ಪೋರ್ಟ್, ವೀಸಾ, ವಿಮೆ, ಟಿಕೆಟ್‌ಗಳ ಪ್ರತಿ ಮನೆಯವರಲ್ಲೊಂದು, ಇಮೇಲ್‌ನಲ್ಲೊಂದು ಇರಲಿ. ಪಾಸ್‌ಪೋರ್ಟ್ ಕಳೆದರೆ ಅಲ್ಲಿನ ಪೊಲೀಸರಿಗೆ ದೂರು ಕೊಟ್ಟು ಭಾರತೀಯ ರಾಯಭಾರ ಕಚೇರಿಗೆ ಹೋಗಬೇಕಾಗುತ್ತದೆ, ಆಗ ಈ ಪ್ರತಿಯೇ ಆಧಾರ.

ಏಳನೆಯ ಹಂತ: ವಿಮಾನ ನಿಲ್ದಾಣದ ದಾರಿ

ಕೊಡಗಿನಲ್ಲಿ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ಯಾವ ದಿಕ್ಕಿಗೆ ಹೊರಟರೂ ಘಟ್ಟ ಅಥವಾ ಕಾಡು ದಾಟಲೇಬೇಕು. 2018ರ ಡಿಸೆಂಬರ್‌ನಲ್ಲಿ ಆರಂಭವಾದ ಕಣ್ಣೂರು ವಿಮಾನ ನಿಲ್ದಾಣ ವಿರಾಜಪೇಟೆ ಕಡೆಯವರಿಗೆ ಎಲ್ಲಕ್ಕಿಂತ ಹತ್ತಿರ. ಮಾಕುಟ್ಟ, ಇರಿಟ್ಟಿ ದಾರಿಯಲ್ಲಿ ಎರಡು ಎರಡೂವರೆ ಗಂಟೆಯಲ್ಲಿ ತಲುಪಬಹುದು. ಅಲ್ಲಿಂದ ಹೊರದೇಶಕ್ಕೆ ಹೋಗುವ ವಿಮಾನಗಳು ಮುಖ್ಯವಾಗಿ ಕೊಲ್ಲಿ ರಾಷ್ಟ್ರಗಳಿಗೆ. ಮಡಿಕೇರಿಯಿಂದ ಸಂಪಾಜೆ ಘಟ್ಟ ಇಳಿದು ಸುಳ್ಯ, ಪುತ್ತೂರು ಮಾರ್ಗವಾಗಿ ಮಂಗಳೂರಿಗೆ ಹೋಗಬಹುದು, ಅಲ್ಲಿಂದಲೂ ಕೊಲ್ಲಿಯ ವಿಮಾನಗಳೇ ಹೆಚ್ಚು. ಯುರೋಪ್, ಅಮೆರಿಕ, ಪೂರ್ವ ಏಷ್ಯಾಗಳಿಗೆ ಬೆಂಗಳೂರೇ ಗತಿ. ಮಡಿಕೇರಿಯಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಬೆಂಗಳೂರಿನ ಸಂಚಾರವನ್ನೂ ಸೇರಿಸಿ ಏಳೆಂಟು ಗಂಟೆ ಲೆಕ್ಕ ಹಿಡಿಯಬೇಕು. ಕಾರು ಬೇಡವೆನ್ನುವವರು ಮೈಸೂರಿಗೆ ಹೋಗಿ ಅಲ್ಲಿಂದ ನೇರವಾಗಿ ವಿಮಾನ ನಿಲ್ದಾಣಕ್ಕೆ ಹೋಗುವ ಕೆಎಸ್‌ಆರ್‌ಟಿಸಿ ಫ್ಲೈ ಬಸ್ ಹಿಡಿಯಬಹುದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ರಸ್ತೆಗಳನ್ನು ನಂಬುವಂತಿಲ್ಲ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮಡಿಕೇರಿ, ಸಂಪಾಜೆ ನಡುವಿನ ಹೆದ್ದಾರಿಯೇ ಕೊಚ್ಚಿಹೋಗಿ ಮುಚ್ಚಿತ್ತು. ಅದೇ ವರ್ಷ ಮಾಕುಟ್ಟ ರಸ್ತೆಯೂ ಕುಸಿದಿತ್ತು. ಈ ತಿಂಗಳುಗಳಲ್ಲಿ ಹೊರಡುವವರು ಹಿಂದಿನ ದಿನವೇ ಘಟ್ಟ ಇಳಿದು ಕಣ್ಣೂರಿನಲ್ಲೋ ಪುತ್ತೂರಿನಲ್ಲೋ ತಂಗಬೇಕು, ಬೆಂಗಳೂರಿನಿಂದ ಹೋಗುವವರು ಮೈಸೂರಿನಲ್ಲಾದರೂ ರಾತ್ರಿ ಕಳೆಯಬೇಕು. ಗೋಣಿಕೊಪ್ಪದಿಂದ ತಿತಿಮತಿ, ಆನೆಚೌಕೂರು ಮೂಲಕ ಹುಣಸೂರಿಗೆ ಹೋಗುವ ರಸ್ತೆಯಲ್ಲಿ ನಸುಕಿನಲ್ಲಿ ಆನೆ ಅಡ್ಡ ನಿಂತರೆ ಅದು ಸರಿಯುವವರೆಗೆ ಕಾಯುವುದಲ್ಲದೆ ಬೇರೆ ದಾರಿಯಿಲ್ಲ, ಆ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ವಿಮಾನ ಹೊರಡುವ ಮೂರು ಗಂಟೆ ಮೊದಲು ನಿಲ್ದಾಣದೊಳಗಿರಬೇಕು. ಚೆಕ್-ಇನ್ ಕೌಂಟರ್ ಒಂದು ಗಂಟೆ ಮೊದಲೇ, ಕೆಲವೊಮ್ಮೆ ಅದಕ್ಕೂ ಮುಂಚೆ ಮುಚ್ಚುತ್ತದೆ.

ಮರಳಿ ಬರುವಾಗ

ಹೊರದೇಶದ ಕಾಫಿ ತೋಟ ನೋಡಿ ಬರುವ ಬೆಳೆಗಾರರಿಗೆ ಒಂದು ವಿಶೇಷ ಸೂಚನೆ. ಕಾಫಿ ಕಾಯಿಕೊರಕ ಹುಳು ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಅಲ್ಲಿಂದ ಕೊಡಗಿಗೆ ಬಂದ ಅದು ಇಂದಿಗೂ ನಮ್ಮ ತೋಟಗಳನ್ನು ಬಿಟ್ಟಿಲ್ಲ. ವಿಯೆಟ್ನಾಂ, ಬ್ರೆಜಿಲ್, ಆಫ್ರಿಕಾ ಎಲ್ಲಿಂದಲೇ ಆಗಲಿ, ಒಳ್ಳೆಯ ತಳಿ ಎಂಬ ಆಸೆಗೆ ನಾಲ್ಕು ಹಣ್ಣನ್ನೋ ಬೀಜವನ್ನೋ ಕಸಿಕಡ್ಡಿಯನ್ನೋ ಜೇಬಿನಲ್ಲಿಟ್ಟುಕೊಂಡು ಬರಬಾರದು. 2003ರ ಸಸ್ಯ ಸಂಗರೋಧ ಆದೇಶದಂತೆ ಪರವಾನಗಿಯಿಲ್ಲದೆ ಬೀಜ, ಸಸಿ ತರುವುದು ಅಪರಾಧ. ಅಲ್ಲಿ ತೋಟದೊಳಗೆ ಹಾಕಿಕೊಂಡಿದ್ದ ಬೂಟನ್ನು ಅಲ್ಲಿಯೇ ತೊಳೆದು, ಆ ಬಟ್ಟೆಗಳನ್ನು ಬೇರೆ ಚೀಲದಲ್ಲಿ ಕಟ್ಟಿ ತಂದು, ಮನೆಗೆ ಬಂದ ಮೇಲೆ ಬಿಸಿನೀರಿನಲ್ಲಿ ಒಗೆದ ನಂತರವೇ ನಮ್ಮ ತೋಟಕ್ಕೆ ಕಾಲಿಡಬೇಕು.